ಸಾವಿರದ ನಾನೂರ ಮೂರು ನೊಣ

ಅವರು ಸುಳ್ಳು ಹೇಳಿದವರಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಹೇಳಿದರೆ ಯಾರೂ ನಂಬಲಿಕ್ಕಿಲ್ಲ. ಹನ್ನೊಂದು ವರ್ಷದ ಹಿಂದೆ ಈ ಮನೆಯ ಮೊದಲ ಮಹಡಿಗೆ ಬಾಡಿಗೆಗೆ ಬಂದ ದಿನ, ಮನೆ ಒಡತಿ ಟೀಚರಮ್ಮ “ಎಲ್ಲಿ ಕೆಲಸ?” ಎಂದು ಕೇಳಿದ್ದರು. “ಹಣ್ಣಿನ ಇಲಾಖೇಲಿ” ಎಂದರು ಇವರು. “ಏನಾಗಿ?” ಎಂದು ಅವರು ಕೇಳುವುದಕ್ಕೂ ಮಂಚ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಹಾಕಿಕೊಳ್ಳುವುದಕ್ಕೂ ಸರಿಹೋಯಿತು. ಅದನ್ನು ಬಿಡಿಸಲು ಅರ್ಧ ಗಂಟೆ ಹಿಡಿಯಿತು, ಪ್ರಶ್ನೆ ಎಲ್ಲರಿಗೂ ಮರೆತುಹೋಯಿತು. ಕೆಳಮನೆಯ ದರ್ಜಿ ಮಂಚದ ಅಡಿಯಿಂದ “ಸಾಹೇಬ್ರೇ, ಆ ಕಾಲು ಎತ್ತಿ” ಎಂದ. ಅಂದಿನಿಂದ ಅವರು ಸಾಹೇಬರು. ಮನೆಮಂದಿಯೆಲ್ಲ ಹಾಗೆ ಕರೆಯುವಾಗ ನಾವೊಬ್ಬರೇ ಯಾಕೆ ತಕರಾರು ತೆಗೆಯಬೇಕು? ಸದ್ಯಕ್ಕೆ ನಾವೂ ಸಾಹೇಬರು ಎಂದೇ ಅನ್ನೋಣ.

ನಿಜಕ್ಕೆ ಅವರು ಡಿಸ್ಪ್ಯಾಚ್ ಗುಮಾಸ್ತರು. ಇಲಾಖೆಯಿಂದ ಹೊರಗೆ ಹೋಗುವ ಪ್ರತಿ ಕಾಗದಕ್ಕೂ ನಂಬರ್ ಹಾಕಿ, ತಾರೀಕು ಬರೆದು, ಮೊಹರು ಒತ್ತಿ, ರಿಜಿಸ್ಟರಿಗೆ ಏರಿಸಿ ಕಳಿಸುವುದು ಕೆಲಸ. ಮೂವತ್ತೊಂದು ವರ್ಷದಲ್ಲಿ ಒಂದು ಕಾಗದವನ್ನೂ ತಡೆದವರಲ್ಲ, ಒಂದು ಕಾಗದವನ್ನೂ ಓದಿದವರಲ್ಲ. ಓದುವುದಕ್ಕೆ ಬೇರೆಯವರಿಗೆ ಸಂಬಳ ಕೊಡುತ್ತಿದ್ದರು. ಎಂಟು ತಿಂಗಳಲ್ಲಿ ನಿವೃತ್ತಿ. ಸರ್ವಿಸ್ ಪುಸ್ತಕದಲ್ಲಿ ಒಂದೇ ಒಂದು ಮೆಮೊ ಇಲ್ಲ, ಒಂದು ಕಪ್ಪುಚುಕ್ಕೆ ಇಲ್ಲ. ಆ ಪುಸ್ತಕದ ಮೇಲೆ ಅವರಿಗೆ ಹೆತ್ತ ಮಗನ ಮೇಲಿರುವಷ್ಟು ಪ್ರೀತಿ.

ಕೈಗೆ ಅಂಟಿದ ಅಭ್ಯಾಸ ಮನೆಗೂ ಬಂದಿತ್ತು. ದಿನಸಿ ಚೀಟಿ, ಮದುವೆ ಕರೆಯೋಲೆ, ಡಾಕ್ಟರು ಬರೆದ ಔಷಧಿ, ಕಣ್ಣಿಗೆ ಬಿದ್ದ ಕಾಗದದ ಬಲಮೂಲೆಗೆ ನಂಬರ್ ಮತ್ತು ತಾರೀಕು. “ಇಪ್ಪತ್ತೆಂಟು ವರ್ಷ ಆಯ್ತು ಮದುವೆಯಾಗಿ, ನನ್ನ ಹಣೆ ಮೇಲೊಂದು ನಂಬರ್ ಹಾಕಿಲ್ಲ, ಅದೇ ಪುಣ್ಯ” ಎನ್ನುತ್ತಿದ್ದರು ಹೆಂಡತಿ.

ಮನೆಯ ಹಿತ್ತಲಲ್ಲಿ ಒಂದು ಸೀಬೆ ಮರ. ಟೀಚರಮ್ಮನ ಯಜಮಾನರು ನೆಟ್ಟಿದ್ದು. ಅವರು ಹೋಗಿ ಒಂಬತ್ತು ವರ್ಷವಾಯಿತು. ಇದ್ದಾಗ ಟೀಚರಮ್ಮ ಬೆಳಿಗ್ಗೆ ಏಳು ಗಂಟೆಗೆ ಯಜಮಾನರನ್ನು ಬೈಯುತ್ತಿದ್ದರು. ಹೋದಮೇಲೆ ಅದೇ ಹೊತ್ತಿಗೆ ಮರವನ್ನು ಬೈಯುತ್ತಾರೆ. “ಎಷ್ಟು ಎಲೆ ಉದುರಿಸ್ತೀಯ? ಗುಡಿಸೋರು ಯಾರು? ಹೇಳಿದ್ ಮಾತು ಕೇಳೋ ಜನ್ಮ ಅಲ್ಲ ನಿಂದು.” ಮರ ಯಜಮಾನರ ಹಾಗೆಯೇ ಸುಮ್ಮನೆ ನಿಂತು ಕೇಳುತ್ತಿತ್ತು. ಮೂವತ್ತನಾಲ್ಕು ವರ್ಷ ಹೆಡ್‌ಮಿಸ್ಸಾಗಿದ್ದ ಹೆಂಗಸಿಗೆ ಬೈಯಲು ಯಾರೂ ಇಲ್ಲದೆ ಬದುಕುವುದು ಕಷ್ಟ.

ಆ ವರ್ಷ ಸೀಬೆ ಹಣ್ಣಾಗುತ್ತಿದ್ದಂತೆ ನೊಣ ಬಂದವು. ಸಾಸಿವೆ ಕಾಳಿನಷ್ಟು ದೊಡ್ಡವು, ಇನ್ನು ಕೆಲವು ಅದಕ್ಕಿಂತ ಕೊಂಚ ದೊಡ್ಡವು. ಮೊದಲು ಉದುರಿದ ಹಣ್ಣಿನ ಮೇಲೆ, ಆಮೇಲೆ ಅಡಿಗೆಮನೆಯಲ್ಲಿ, ಆಮೇಲೆ ಹಾಲಿನ ಲೋಟದಲ್ಲಿ. ಭಾನುವಾರ ಬೆಳಿಗ್ಗೆ ನಿಯೋಗವೊಂದು ಸಾಹೇಬರ ಬಾಗಿಲಿಗೆ ಬಂತು. ಮುಂದೆ ಟೀಚರಮ್ಮ, ಹಿಂದೆ ಒಂದು ಬಿಳಿ ಅಂಗಿ ಹಿಡಿದ ದರ್ಜಿ, ಅವನ ಹಿಂದೆ ಎರಡನೇ ಮಹಡಿಯ ಕಂಡಕ್ಟರ್ ಮಾಮ. ಈ ಮಾಮ ಬಸ್ಸಿನಿಂದ ಇಳಿದು ಆರು ವರ್ಷವಾಗಿದ್ದರೂ ಬಸ್ಸು ಅವರಿಂದ ಇಳಿದಿರಲಿಲ್ಲ. ಮೆಟ್ಟಿಲು ಹತ್ತುವಾಗಲೂ “ಮುಂದೆ ಹೋಗಿ, ಮುಂದೆ ಹೋಗಿ” ಅನ್ನುತ್ತಿದ್ದರು.

“ಸಾಹೇಬ್ರೇ, ನೋಡಿ ಇದು” ಎಂದು ದರ್ಜಿ ಅಂಗಿ ಎತ್ತಿ ಹಿಡಿದ. “ಮದುಮಗನ ಅಂಗಿ. ಇಸ್ತ್ರಿ ಮಾಡೋವಾಗ ಒಂದು ನೊಣ ಒಳಗೇ ಸೇರ್ಕೊಂಡ್ಬಿಟ್ಟಿದೆ. ಗಂಡು ಬಂದು ‘ಇದೇನು ಡಿಸೈನಾ’ ಅಂತ ಕೇಳ್ದ.”

“ನಿಮ್ಮ ಇಲಾಖೆ ನೊಣ, ನೀವೇ ಏನಾದ್ರೂ ಮಾಡ್ಬೇಕು” ಎಂದರು ಟೀಚರಮ್ಮ.

ನೊಣಗಳು ತಮ್ಮ ಇಲಾಖೆಯ ನೌಕರರಲ್ಲ ಎಂದು ಹೇಳಬಹುದಿತ್ತು. ನನಗೆ ಇದೆಲ್ಲ ತಿಳಿಯದು ಎಂದೂ ಹೇಳಬಹುದಿತ್ತು. ಆದರೆ ಹನ್ನೊಂದು ವರ್ಷ ಸಾಹೇಬರಾಗಿದ್ದವರು ಒಂದು ಭಾನುವಾರ ಬೆಳಿಗ್ಗೆ ಬನಿಯನ್ನಿನಲ್ಲಿ ನಿಂತು ರಾಜೀನಾಮೆ ಕೊಡುವುದು ಹೇಗೆ? “ಕ್ರಮ ಕೈಗೊಳ್ಳೋಣ” ಎಂದರು. ಒಳಗಿನಿಂದ ಹೆಂಡತಿ ಪಾತ್ರೆಯೊಂದನ್ನು ಬೇಕಾದ್ದಕ್ಕಿಂತ ಜೋರಾಗಿ ಕೆಳಗಿಟ್ಟ ಸದ್ದು ಬಂತು.

ಮಾರನೇ ದಿನ ಆಫೀಸಿನ ಬೀರು ತಡಕಿದಾಗ ‘ಹಣ್ಣಿನ ನೊಣಕ್ಕೆ ಮನೆಯಲ್ಲೇ ಬಲೆ’ ಎಂಬ ಕರಪತ್ರ ಸಿಕ್ಕಿತು. ಅದೇ ಕರಪತ್ರದ ನಾಲ್ಕು ಸಾವಿರ ಪ್ರತಿಗೆ ಅವರೇ ನಂಬರ್ ಹಾಕಿ ಕಳಿಸಿದ್ದರು. ಈಗ ಮೊದಲ ಸಲ ಓದಿದರು, ಒಂದು ಮಗ್ಗುಲು ಮಾತ್ರ. ಕಾಗದಕ್ಕೆ ಇನ್ನೊಂದು ಮಗ್ಗುಲು ಇರುತ್ತದೆ ಎಂಬುದು ಮುಂಬದಿಗೇ ನಂಬರ್ ಹಾಕಿ ಅಭ್ಯಾಸವಾದವರಿಗೆ ಹೊಳೆಯುವುದಿಲ್ಲ.

ಎಂಟು ಪ್ಲಾಸ್ಟಿಕ್ ಬಾಟಲಿಗಳ ಕತ್ತು ಕೊಯ್ದು, ಕತ್ತನ್ನು ತಲೆಕೆಳಗಾಗಿ ಅದರದೇ ಹೊಟ್ಟೆಗೆ ಕೂರಿಸಿದರು. ಒಳಗೆ ಕೊಳೆತ ಬಾಳೆಹಣ್ಣು, ಸಕ್ಕರೆ, ಒಂದಿಷ್ಟು ವಿನಿಗರ್. ನಾಲ್ಕನ್ನು ಮರಕ್ಕೆ, ನಾಲ್ಕನ್ನು ಮೆಟ್ಟಿಲ ಕಂಬಿಗೆ ಕಟ್ಟಿದರು. ಕಟ್ಟುವಾಗ ಎಲ್ಲರೂ ನಿಂತು ನೋಡಿದರು. “ಓದಿದೋರು ಓದಿದೋರೇ” ಎಂದ ದರ್ಜಿ.

ಎರಡು ದಿನದಲ್ಲಿ ಬೀದಿಯ ನೊಣವೆಲ್ಲ ಬಂದಿಳಿಯಿತು. ಬಂದವು, ಬಾಟಲಿಯೊಳಗೆ ಹೋದವು, ಹೊಟ್ಟೆ ತುಂಬ ಕುಡಿದವು, ಬಂದ ದಾರಿಯಲ್ಲೇ ಹೊರಬಂದು ಗೋಡೆ ಮೇಲೆ ವಿಶ್ರಮಿಸಿದವು. ಸಂಜೆ ಮತ್ತೆ ಹೋದವು. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಅನ್ನುವ ಹಾಗಾಯಿತು.

“ರೀ, ನೀವು ಕಟ್ಟಿರೋದು ಬಲೆ ಅಲ್ಲ, ಹೋಟ್ಲು” ಎಂದರು ಹೆಂಡತಿ. ಬಾಟಲಿ ಇಳಿಸಿ, ಹಳೆಯ ಪತ್ರಿಕೆಯ ಹಾಳೆಯನ್ನು ಪೊಟ್ಟಣದ ಹಾಗೆ ಸುತ್ತಿ, ತುದಿಯಲ್ಲಿ ಪೆನ್ಸಿಲ್ ಮೊನೆಯಷ್ಟು ತೂತು ಬಿಟ್ಟು ಬಾಯಿಗೆ ಕೂರಿಸಿದರು. ಒಳಗೆ ಎರಡು ಹನಿ ಪಾತ್ರೆ ಸೋಪು ಬಿಟ್ಟರು.

“ಸೋಪು ಯಾಕೆ?”

“ಸೋಪುನೀರಿಗೆ ಬಿದ್ದ ನೊಣ ಮೇಲೆದ್ದಿದ್ದು ಯಾವತ್ತಾದ್ರೂ ನೋಡಿದ್ದೀರಾ? ನೋಡಿರಲ್ಲ ಬಿಡಿ. ಪಾತ್ರೆ ತೊಳ್ದಿದ್ರೆ ತಾನೆ!”

ಮರುದಿನ ಬೆಳಿಗ್ಗೆ ಎಂಟೂ ಬಾಟಲಿಗಳಲ್ಲಿ ಕರಿಯ ಸಾಸಿವೆ ಒಗ್ಗರಣೆ ಹಾಕಿದಂತೆ ನೊಣ ತೇಲುತ್ತಿದ್ದವು. ಮನೆಯಲ್ಲಿ ಸಂಭ್ರಮವೋ ಸಂಭ್ರಮ. ಹೆಂಡತಿಯ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಕೀರ್ತಿ ಯಾವಾಗಲೂ ಹುದ್ದೆ ನೋಡಿಕೊಂಡು ಹೋಗುತ್ತದೆ.

“ಎಷ್ಟು ಬಿದ್ದಿವೆ ಅಂತ ಲೆಕ್ಕ ಬೇಕಲ್ಲ” ಎಂದರು ಟೀಚರಮ್ಮ. “ದಿನಾ ಬೆಳಿಗ್ಗೆ ಎಂಟಕ್ಕೆ ವರದಿ ನನ್ನ ಕೈಗೆ ಬರ್ಬೇಕು. ಬರವಣಿಗೆಯಲ್ಲಿ.”

“ಎಣಿಸೋದು ನನಗೆ ಬಿಡಿ” ಎಂದು ಕಂಡಕ್ಟರ್ ಮಾಮ ಮುಂದೆ ಬಂದರು. “ಅರವತ್ತು ಜನ ತುಂಬಿದ ಬಸ್ಸನ್ನ ಮೆಟ್ಟಿಲ ಮೇಲೆ ನಿಂತು ಒಂದೇ ನೋಟಕ್ಕೆ ಎಣಿಸಿದೋನು ನಾನು. ಒಂದು ತಲೆ ತಪ್ಪಿದ್ದಿಲ್ಲ.” ಬಾಟಲಿಯನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸಿ ಎಂಟನ್ನೂ ಮುಗಿಸಿದರು. “ಮೂವತ್ತೊಂದು. ರೈಟ್.”

“ಬಾಟ್ಲಿ ಖಾಲಿ ಮಾಡೋದು ಬೇಡ. ತುಂಬ್ತಾ ಇರೋದು ಜನಕ್ಕೆ ಕಾಣ್ಬೇಕು” ಎಂದ ದರ್ಜಿ. ಅವನ ಅಂಗಡಿಗೆ ಬಂದವರೆಲ್ಲ ಆಗಲೇ ಬಾಟಲಿ ನೋಡಲು ನಿಲ್ಲುತ್ತಿದ್ದರು.

ವರದಿಗೆ ಕಾಗದ ಬೇಕಾಯಿತು. ಸಾಹೇಬರ ಮನೆಯಲ್ಲಿ ಇಲಾಖೆಯ ಹಳೆಯ ನಮೂನೆಗಳ ಕಟ್ಟೊಂದಿತ್ತು. ಅದರಲ್ಲಿ ಒಂದಂತೂ ಇದಕ್ಕೇ ಅಚ್ಚು ಹಾಕಿಸಿದ ಹಾಗಿತ್ತು: ಸ್ಥಳ, ಮರ, ದಿನ, ಸಿಕ್ಕ ನೊಣಗಳ ಸಂಖ್ಯೆ, ಒಟ್ಟು. ಕೆಳಗೆ ಸಣ್ಣಕ್ಷರದಲ್ಲಿ ಇನ್ನೂ ಏನೋ ಇತ್ತು, ಅದನ್ನು ಯಾರೂ ಓದಲಿಲ್ಲ. ‘ಮರ’ ಎಂಬಲ್ಲಿ ‘ಸೀಬೆ, ಒಂದು’ ಎಂದು ಬರೆದರು. ಮೊದಲ ದಿನ ಮೂವತ್ತೊಂದು. ಎರಡನೇ ದಿನ ಅರವತ್ತನಾಲ್ಕು. ಮೂರನೇ ದಿನ ನೂರ ಹನ್ನೆರಡು.

ನಾಲ್ಕನೇ ದಿನಕ್ಕೆ ಇದು ಇಡೀ ಮನೆಯ ಮರ್ಯಾದೆಯಾಗಿಬಿಟ್ಟಿತು. ದರ್ಜಿಯ ಹೆಂಡತಿ ಅನಾನಸ್ ಸಿಪ್ಪೆ ತಂದು ಹಾಕಿದಳು. ಮಾಮ ತಮ್ಮ ಮನೆಯ ಮಾಗಿದ ಪಪ್ಪಾಯಿಯನ್ನು ತಾವು ತಿನ್ನದೆ ಬಾಟಲಿಗೆ ದಾನ ಮಾಡಿದರು. ಟೀಚರಮ್ಮ ವರದಿಯ ಕೂಡಿಕೆಯನ್ನು ಪ್ರತಿದಿನ ಕೆಂಪು ಶಾಯಿಯಲ್ಲಿ ತಿದ್ದಿ, ಸರಿ ಎಂದು ಗುರುತು ಹಾಕುತ್ತಿದ್ದರು. ನೂರ ಎಂಬತ್ತು, ಇನ್ನೂರ ಐವತ್ತೈದು, ಮುನ್ನೂರ ನಲವತ್ತು. ಏಳನೇ ದಿನ ಮಾಮ “ನಾನೂರ ಇಪ್ಪತ್ತೊಂದು!” ಎಂದು ಕೂಗಿದ್ದಕ್ಕೆ ಎದುರುಮನೆಯವರು ಕಿಟಕಿ ತೆರೆದು ನೋಡಿದರು. ವಾರದ ಮೊತ್ತ ಸಾವಿರದ ನಾನೂರ ಮೂರು. ಟೀಚರಮ್ಮ ಹತ್ತಕ್ಕೆ ಹತ್ತು ಕೊಟ್ಟು ಕೆಳಗೆ ಗೆರೆ ಎಳೆದರು. ಸಾಹೇಬರು ಆ ಹಾಳೆಯನ್ನು ಹೆಂಡತಿಗೆ ಇನ್ನೊಮ್ಮೆ ತೋರಿಸುವ ಆಸೆಯಿಂದ ಚೀಲಕ್ಕೆ ಹಾಕಿಕೊಂಡರು, ತೋರಿಸಲು ಮರೆತರು, ಚೀಲ ಆಫೀಸಿಗೆ ಹೋಯಿತು.

ಮುಂದಿನದು ಹೇಗಾಯಿತೆಂದು ಕೇಳಿದರೆ ಅವರು ಇವತ್ತಿಗೂ ಹೇಳಲಾರರು. ಚೀಲದಿಂದ ಊಟದ ಡಬ್ಬಿ ತೆಗೆದರು. ಜೊತೆಗೆ ಹಾಳೆ ಮೇಜಿಗೆ ಬಂತು. ಹಾಳೆ ಮೇಜಿನ ಮೇಲಿತ್ತು, ಇಲಾಖೆಯ ನಮೂನೆಯಲ್ಲಿತ್ತು, ಬಲಮೂಲೆ ಖಾಲಿಯಿತ್ತು. ಕೈ ಹೋಯಿತು. ನಂಬರ್ ಬಿತ್ತು, ತಾರೀಕು ಬಿತ್ತು, ಮೊಹರು ಬಿತ್ತು. ಎರಡು ಗಂಟೆಯ ಟಪಾಲಿನಲ್ಲಿ ಸಾವಿರದ ನಾನೂರ ಮೂರು ನೊಣಗಳು ಮುಖ್ಯ ಕಚೇರಿಗೆ ಹೊರಟುಹೋದವು.

ಹನ್ನೆರಡನೇ ದಿನ ಮುಖ್ಯ ಕಚೇರಿಯಿಂದ ತಪಾಸಣೆ ಮೇಡಂ ಬರುತ್ತಾರೆಂದು ಪತ್ರ ಬಂತು, ಅದೂ ಮನೆ ವಿಳಾಸಕ್ಕೆ. ಟೀಚರಮ್ಮ ಅದನ್ನು ಮೆಟ್ಟಿಲ ಮೇಲೆ ನಿಂತು ಎಲ್ಲರಿಗೂ ಓದಿ ಹೇಳಿದರು. ಸಾಹೇಬರ ಮುಖ ಬಿಳುಚಿತು. ಅದನ್ನು ಎಲ್ಲರೂ ವಿನಯ ಎಂದುಕೊಂಡರು.

“ನಮ್ ಸಾಹೇಬ್ರಿಗೆ ಬಹುಮಾನ ಕೊಡೋಕೇ ಬರ್ತಿರೋದು” ಎಂದ ದರ್ಜಿ. “ಬಾಟ್ಲಿ ಅರ್ಧಂಬರ್ಧ ಇದ್ರೆ ಏನ್ ಚೆನ್ನಾಗಿರುತ್ತೆ? ಮೇಡಂ ಕಣ್ಣಿಗೆ ತುಂಬಿ ತುಳುಕ್ಬೇಕು.”

ಮೂರು ದಿನ ಇಡೀ ಮನೆ ಕೆಲಸ ಮಾಡಿತು. ಇನ್ನೂ ಆರು ಬಾಟಲಿ ಕಟ್ಟಿದರು. ದರ್ಜಿ ಪ್ರತಿಯೊಂದಕ್ಕೂ ಕೆಂಪು ರಿಬ್ಬನ್ ಹೊಲಿದ. ದರ್ಜಿಯ ಹೆಂಡತಿ ತವರಿನಿಂದ ಒಂದು ಡಬ್ಬಿ ಸತ್ತ ನೊಣ ತರಿಸಿದಳು. ತವರಿನಿಂದ ಹೆಣ್ಣುಮಕ್ಕಳು ಏನೇನೋ ತರುವುದುಂಟು, ಇದನ್ನು ಯಾರೂ ತಂದಿರಲಿಲ್ಲ. ಸಾಹೇಬರು “ಬೇಡ, ಬೇಡ” ಎಂದು ಮೆಟ್ಟಿಲು ಹತ್ತಿ ಇಳಿದು ಮಾಡಿದರು. “ಸುಮ್ನಿರಿ ಸಾಹೇಬ್ರೇ, ನಿಮಗೆ ನಾಚಿಕೆ ಜಾಸ್ತಿ” ಎಂದರು ಮಾಮ.

ಮೇಡಂ ಬಂದರು. ತೆಳ್ಳಗೆ, ಕೈಯಲ್ಲೊಂದು ಫೈಲು, ನಗುವ ಅಭ್ಯಾಸವಿಲ್ಲದ ಮುಖ. ಮೊದಲ ಬಾಟಲಿ ನೋಡಿ ಫೈಲಿನಲ್ಲಿ ಏನೋ ಬರೆದುಕೊಂಡರು. ಐದನೆಯದನ್ನು ನೋಡುವಾಗ ಕನ್ನಡಕ ಒರೆಸಿಕೊಂಡರು. ಹದಿನಾಲ್ಕನೆಯದರ ಹತ್ತಿರ ಬಂದಾಗ ಮೂಗಿಗೆ ಕರವಸ್ತ್ರ ಹಿಡಿದಿದ್ದರು.

“ಇಷ್ಟು ಎಲ್ಲೂ ನೋಡಿಲ್ಲ” ಎಂದರು.

“ನೋಡಿರೋಕೆ ಸಾಧ್ಯಾನೇ ಇಲ್ಲ ಮೇಡಂ” ಎಂದ ದರ್ಜಿ ಹೆಮ್ಮೆಯಿಂದ.

“ವರದಿ ಸರಿಯಾಗಿದೆಯಾ?”

“ಕೂಡಿದ್ದು ನಾನೇ ತಿದ್ದಿದ್ದೀನಿ” ಎಂದರು ಟೀಚರಮ್ಮ. “ಏಳು ದಿನದ್ದೂ. ತಪ್ಪು ಹುಡುಕಿ ತೋರಿಸಿ ನೋಡೋಣ.”

“ಇದನ್ನ ಕಳ್ಸಿದ ಡಿಸ್ಪ್ಯಾಚ್ ಗುಮಾಸ್ತರು ಯಾರು?”

“ಗುಮಾಸ್ತರಾ? ಇಲ್ಲಿ ಗುಮಾಸ್ತರು ಯಾರೂ ಇಲ್ಲ” ಎಂದರು ಮಾಮ. “ಇವರು ಸಾಹೇಬ್ರು.”

ಮೇಡಂ ಫೈಲು ನೋಡಿದರು, ಸಾಹೇಬರನ್ನು ನೋಡಿದರು. “ಮೂವತ್ತೊಂದು ವರ್ಷದಿಂದ ಡಿಸ್ಪ್ಯಾಚ್‌ನಲ್ಲಿರೋರು ನೀವೇ ಅಲ್ವಾ?”

“ಹೂಂ ಮೇಡಂ” ಎಂದರು ಅವರು. ಇನ್ನು ನಾವೂ ಗುಮಾಸ್ತರು ಎಂದೇ ಕರೆಯಬೇಕು, ಬೇರೆ ದಾರಿಯಿಲ್ಲ.

ದರ್ಜಿ ರಿಬ್ಬನ್ನಿನ ಗಂಟನ್ನು ಸರಿ ಮಾಡುವವನ ಹಾಗೆ ಬಗ್ಗಿಕೊಂಡ. ಆದರೆ ಅವರ ಮಾನದ ಬಗ್ಗೆ ಯೋಚಿಸಲು ಮೇಡಂ ಬಿಡುವು ಕೊಡಲಿಲ್ಲ. ನಮೂನೆಯ ಕೆಳಗಿನ ಸಣ್ಣಕ್ಷರದ ಮೇಲೆ ಬೆರಳಿಟ್ಟು ಓದಿದರು. “ಒಂದು ಮರಕ್ಕೆ ವಾರದಲ್ಲಿ ಸಾವಿರಕ್ಕಿಂತ ಹೆಚ್ಚು ನೊಣ ಸಿಕ್ಕರೆ ಆ ಮರವನ್ನು ತೆಗೆಯತಕ್ಕದ್ದು.” ಫೈಲು ಮುಚ್ಚಿದರು. “ನಿಯಮ ಅಮ್ಮಾ. ಮರ ಕಡೀಬೇಕು. ಆದೇಶ ಬರುತ್ತೆ.”

ಟೀಚರಮ್ಮ ಮರದ ಕಡೆ ತಿರುಗಿದರು. ಬೈಯುತ್ತಾರೆ ಎಂದುಕೊಂಡರು ಎಲ್ಲರೂ. ಬೈಯಲಿಲ್ಲ. ಸುಮ್ಮನೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮರುದಿನ ಬೆಳಿಗ್ಗೆ ಏಳಕ್ಕೆ ಹಿತ್ತಲಲ್ಲಿ ಸದ್ದೇ ಇರಲಿಲ್ಲ. ಗುಮಾಸ್ತರು ಗಡ್ಡ ಬೋಳಿಸಿಕೊಳ್ಳುತ್ತಿದ್ದವರು ಕತ್ತಿ ಹಿಡಿದು ನಿಂತೇಬಿಟ್ಟರು. ಬೈಗುಳ ಕೇಳಿಸದ ಆ ಬೆಳಗು ಅವರಿಗೆ ಸಂಕಟವಾಯಿತು.

“ಹೋಗಿ ಹೇಳ್ಬಿಡಿ” ಎಂದರು ಹೆಂಡತಿ. ಅವರ ದನಿಯಲ್ಲಿ ಈ ಸಲ ಚುಚ್ಚು ಇರಲಿಲ್ಲ. “ಎಲ್ಲಾನೂ.”

ಸಂಜೆ ಹೋದರು. ಟೀಚರಮ್ಮ ಕುರ್ಚಿಯಲ್ಲಿ ಕೂತಿದ್ದರು, ಅವರು ನಿಂತೇ ಮಾತಾಡಿದರು. “ಟೀಚರಮ್ಮ, ನಾನು ಸಾಹೇಬ ಅಲ್ಲ. ನೀವು ಕೇಳೋವಾಗ ಮಂಚ ಸಿಕ್ಕಿಹಾಕ್ಕೊಂಡಿತ್ತು. ಆಮೇಲೆ ಬಿಡಿಸ್ಕೊಂಡ್ವಿ, ನಾನು ಮಾತ್ರ ಹೇಳ್ಲೇ ಇಲ್ಲ. ಆ ಹಾಳೆ ಕಳ್ಸಿದ್ದೂ ನಾನೇ. ಬೇಕು ಅಂತ ಅಲ್ಲ, ಕೈ ಕಳ್ಸಿಬಿಡ್ತು. ಮರ ಹೋಗ್ತಿರೋದು ನನ್ನಿಂದ. ತಪ್ಪಾಯ್ತು.”

ಟೀಚರಮ್ಮ ಕುರ್ಚಿಯಲ್ಲಿ ನೆಟ್ಟಗೆ ಕೂತರು. “ಆದೇಶ ಯಾರು ಬರೀತಾರೆ?”

“ದೊಡ್ಡ ಸಾಹೇಬ್ರು. ನಿಜವಾದ ಸಾಹೇಬ್ರು.”

“ಆಮೇಲೆ?”

“ಸಹಿ ಹಾಕ್ತಾರೆ.”

“ಆಮೇಲೆ?”

“ನನ್ನ ಮೇಜಿಗೆ ಬರುತ್ತೆ. ನಾನು ನಂಬರ್ ಹಾಕ್ತೀನಿ. ನಂಬರ್ ನೋಡ್ಕೊಂಡು ಮರ ಕಡಿಯೋರು ಬರ್ತಾರೆ.”

“ನಂಬರ್ ಹಾಕ್ದಿದ್ರೆ?”

ಮೂವತ್ತೊಂದು ವರ್ಷದಲ್ಲಿ ಈ ಪ್ರಶ್ನೆ ಗುಮಾಸ್ತರಿಗೆ ಹೊಳೆದಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. “ಹಾಕ್ದಿದ್ರೆ… ಅದು ಬರೀ ಕಾಗದ, ಟೀಚರಮ್ಮ.”

“ಹಾಗಾದ್ರೆ ಹೋಗಿ ಯೋಚ್ನೆ ಮಾಡಿ” ಎಂದರು ಅವರು, ಉತ್ತರ ಅರ್ಧ ಹೇಳಿದ ಹುಡುಗನಿಗೆ ಹೇಳುವ ಹಾಗೆ.

ಮೂರನೇ ದಿನ ಆದೇಶ ಮೇಜಿಗೆ ಬಂತು. ಬಲಗೈ ಎದ್ದಿತು. ಗುಮಾಸ್ತರು ಅದನ್ನು ಎಡಗೈಯಲ್ಲಿ ಹಿಡಿದುಕೊಂಡರು. ಪಕ್ಕದ ಮೇಜಿನವರು “ಏನ್ರೀ, ಸೆಳೆತಾನಾ?” ಎಂದು ಕೇಳಿದರು. “ಸ್ವಲ್ಪ” ಎಂದರು. ಆಮೇಲೆ ಜೀವಮಾನದಲ್ಲಿ ಮೊದಲ ಸಲ ಕಾಗದವನ್ನು ಹಿಂದಕ್ಕೆ ಕಳಿಸಿದರು: ‘ಮೂರು ಪ್ರತಿ ಇರಬೇಕು, ಎರಡೇ ಇವೆ.’

ಮರುದಿನ ಮೂರು ಪ್ರತಿ ಬಂದವು. ‘ಮರವು ಮನೆಯ ಯಾವ ದಿಕ್ಕಿಗಿದೆ ಎಂದು ನಮೂದಿಸಿಲ್ಲ’ ಎಂದು ಬರೆದು ಮತ್ತೆ ಕಳಿಸಿದರು. ದಿಕ್ಕು ಬಂತು. ‘ಬುಡಕ್ಕೆ ಕಡಿಯಬೇಕೋ ಸೊಂಟಕ್ಕೆ ಕಡಿಯಬೇಕೋ ಸ್ಪಷ್ಟವಿಲ್ಲ.’ ದೊಡ್ಡ ಸಾಹೇಬರು ಆದೇಶವನ್ನು ಕೈಯಲ್ಲೇ ಹಿಡಿದುಕೊಂಡು ಬಂದರು. ಆ ಮೇಜಿನ ಹತ್ತಿರ ಅವರು ಬಂದದ್ದು ಅದೇ ಮೊದಲು. ಮೇಜು ಎಲ್ಲಿದೆ ಎಂದು ಯಾರನ್ನೋ ಕೇಳಿಕೊಂಡು ಬಂದಿದ್ದರು.

“ಏನ್ರೀ ಇದು? ಸೊಂಟ ಅಂತೆ! ಮರಕ್ಕೆ ಸೊಂಟ ಎಲ್ಲಿರುತ್ತೆ?”

“ಅದೇ ಸ್ಪಷ್ಟವಿಲ್ಲ ಸಾರ್.”

“ಬುಡಕ್ಕೆ! ಬರ್ದಿದ್ದೀನಿ, ನೋಡಿ. ಮೂರು ಸಲ ವಾಪಸ್ ಮಾಡಿದ್ದೀರ, ನಾಲ್ಕನೇ ಸಲ ಮಾಡೋ ಅಧಿಕಾರ ನಿಮಗಿಲ್ಲ. ನಾಳೆ ಹನ್ನೊಂದು ಗಂಟೆಗೆ ನಂಬರ್ ಬೀಳ್ದಿದ್ರೆ ನಿಮಗೆ ಮೆಮೊ ಬೀಳುತ್ತೆ.”

ಮೆಮೊ! ಗುಮಾಸ್ತರ ಕಣ್ಣ ಮುಂದೆ ಆ ಬಿಳೀ ಸರ್ವಿಸ್ ಪುಸ್ತಕ ಬಂತು. ಏಳು ತಿಂಗಳು ಚಿಲ್ಲರೆ ಉಳಿದಿದೆ. ಇಷ್ಟು ದೂರ ಈಜಿ ದಡದ ಕೆಸರಿನಲ್ಲಿ ಜಾರುವುದೇ? ಊಟದ ಹೊತ್ತಿನಲ್ಲಿ ಡಬ್ಬಿ ತೆರೆಯಲೇ ಇಲ್ಲ. ಇನ್ನೇನಾದರೂ ಆಕ್ಷೇಪಣೆ ಸಿಗಬಹುದೇ ಎಂದು ಆದೇಶವನ್ನು ಓದಿದರು, ಆದೇಶದ ಜೊತೆಗಿದ್ದ ಮೇಡಂ ವರದಿಯನ್ನು ಓದಿದರು, ಕೊನೆಗೆ ತಮ್ಮದೇ ಹಾಳೆಯನ್ನು ಓದಿದರು. ಮೂವತ್ತೊಂದು, ಅರವತ್ತನಾಲ್ಕು, ನೂರ ಹನ್ನೆರಡು. ಒಂದು ದಿನವೂ ಇಳಿದಿಲ್ಲ. ಮಧ್ಯೆ ಒಂದಿಡೀ ದಿನ ಜಡಿಮಳೆ ಹೊಡೆದಿತ್ತು, ಅವತ್ತು ಒಂದು ನೊಣವೂ ಹಾರಿರಲಿಲ್ಲ ಎಂದು ಅವರಿಗೆ ಚೆನ್ನಾಗಿ ನೆನಪಿತ್ತು. ಆದರೆ ಅವತ್ತಿನ ಲೆಕ್ಕವೂ ಏರಿಯೇ ಇತ್ತು.

ಆಫೀಸು ಮುಗಿದದ್ದೇ ತಡ, ಎರಡೆರಡು ಮೆಟ್ಟಿಲು ಹತ್ತಿ ಎರಡನೇ ಮಹಡಿಗೆ ಹೋದರು. “ಮಾಮ, ದಿನಾ ಎಣಿಸ್ತಿದ್ರಲ್ಲ, ಹಿಂದಿನ ದಿನ ಬಿದ್ದಿದ್ದನ್ನ ಬಿಟ್ಟು ಎಣಿಸ್ತಿದ್ರಾ?”

ಮಾಮನಿಗೆ ಅವಮಾನವಾಯಿತು. “ಬಿಟ್ಟು? ಬಿಡೋಕೆ ಅವೇನು ಇಳಿದವಾ? ನೋಡಿ ಇವ್ರೇ, ಪ್ರತಿ ಸ್ಟೇಜಿನಲ್ಲೂ ಬಸ್ಸೊಳಗಿರೋ ಅಷ್ಟೂ ಜನಾನ ಎಣಿಸ್ಬೇಕು. ಹೊಸಬ್ರು, ಹಳಬ್ರು ಎಲ್ಲಾ. ಇಳೀದೆ ಇರೋನು ಲೆಕ್ಕದಲ್ಲಿರ್ತಾನೆ. ಇದು ರೂಲು. ಇಪ್ಪತ್ತೊಂಬತ್ತು ವರ್ಷ ಹಾಗೇ ಎಣಿಸಿದ್ದೀನಿ.”

“ಅಂದ್ರೆ ಮೊದಲ್ನೇ ದಿನ ಸತ್ತ ನೊಣಾನ ಏಳನೇ ದಿನದ ತನಕ ಏಳು ಸಲ ಎಣಿಸಿದ್ದೀರ.”

“ಎಲ್ಲಿಗೂ ಇಳಿದಿಲ್ವಲ್ರೀ ಅದು!”

ಗುಮಾಸ್ತರು ಮಾಮನನ್ನು ತಬ್ಬಿಕೊಂಡರು. ಮಾಮ “ಹಿಂದೆ ಸರೀರಿ, ಹಿಂದೆ ಸರೀರಿ” ಎಂದರು. ಕೊನೆಯ ದಿನ ಬಾಟಲಿಗಳಲ್ಲಿ ಇದ್ದದ್ದೇ ವಾರಪೂರ್ತಿ ಸತ್ತದ್ದು: ನಾನೂರ ಇಪ್ಪತ್ತೊಂದು. ಸಾವಿರದ ಮಾತೇ ಇಲ್ಲ. ವಿಷಯ ತಿಳಿದ ಟೀಚರಮ್ಮ ತಮ್ಮ ಹತ್ತಕ್ಕೆ ಹತ್ತನ್ನು ನೆನೆದು ಕಣ್ಣು ಮುಚ್ಚಿಕೊಂಡರು. “ಕೂಡಿದ್ದು ಸರಿ ಇತ್ತು” ಎಂದರು ಮೆಲ್ಲಗೆ. “ಕೂಡೋ ಲೆಕ್ಕವೇ ಆಗಿರ್ಲಿಲ್ಲ ಅದು.”

ಮರುದಿನ ಹನ್ನೊಂದು ಗಂಟೆಗೆ ಗುಮಾಸ್ತರು ದೊಡ್ಡ ಸಾಹೇಬರ ಮುಂದೆ ನಿಂತಿದ್ದರು. ಮಳೆ, ಮಾಮ, ಸ್ಟೇಜು, ಇಳಿಯದ ನೊಣ, ತವರಿನಿಂದ ಬಂದ ಡಬ್ಬಿ, ಎಲ್ಲವನ್ನೂ ಹೇಳಿದರು. ಅರ್ಧಕ್ಕೆ ನಿಲ್ಲಿಸಲಿಲ್ಲ. ದೊಡ್ಡ ಸಾಹೇಬರು ಎರಡು ಸಲ ನೀರು ಕುಡಿದರು.

“ಇಂಥ ತಪ್ಪು ಲೆಕ್ಕಾನ ನಂಬರ್ ಹಾಕಿ ಮುಖ್ಯ ಕಚೇರಿಗೆ ಕಳ್ಸಿದೋರು ಯಾರು ಹಾಗಾದ್ರೆ?”

“ನಾನೇ ಸಾರ್.”

“ಆದೇಶ ರದ್ದು ಮಾಡ್ಬೇಕಾದ್ರೆ ಕಾರಣ ಬರೀಬೇಕು. ಕಾರಣ ಬರೆದ್ರೆ ನಿಮಗೆ ಮೆಮೊ ಕೊಡ್ಲೇಬೇಕು. ಯೋಚ್ನೆ ಮಾಡಿ. ಇನ್ನೆಷ್ಟು ತಿಂಗಳಿದೆ ನಿಮಗೆ? ಒಂದು ಸೀಬೆ ಮರಕ್ಕೋಸ್ಕರ?”

“ಬರೀರಿ ಸಾರ್” ಎಂದರು. “ಆ ಮರಾನ ಬೈಯೋಕೆ ಒಬ್ರಿದ್ದಾರೆ.”

ದೊಡ್ಡ ಸಾಹೇಬರಿಗೆ ಇದು ಅರ್ಥವಾಗಲಿಲ್ಲ, ಆದರೆ ಬರೆದರು. ಎರಡು ಕಾಗದ ಒಟ್ಟಿಗೆ ಮೇಜಿಗೆ ಬಂದವು. ಒಂದು ಮೆಮೊ, ಇನ್ನೊಂದು ರದ್ದತಿ. ಈ ಕಡತ ತಮ್ಮ ಮುಂದೆ ಇನ್ನೊಮ್ಮೆ ಬರಬಾರದು ಎಂಬ ಒಂದೇ ಆಸೆಯಿಂದ ದೊಡ್ಡ ಸಾಹೇಬರು ಬೇಲಿ ಭದ್ರವಾಗಿ ಕಟ್ಟಿದ್ದರು: ‘ಸದರಿ ಸೀಬೆ ಮರದಲ್ಲಿ ಯಾವುದೇ ಕೀಟಬಾಧೆ ಇರುವುದಿಲ್ಲ. ಹಣ್ಣುಗಳು ಸಂಪೂರ್ಣ ನಿರ್ದೋಷವಾಗಿವೆ.’ ಗುಮಾಸ್ತರು ಎರಡನ್ನೂ ಓದಿದರು. ಮೆಮೊಗೆ ನಂಬರ್ ಹಾಕುವಾಗ ಕೈ ಒಂದು ಕ್ಷಣವೂ ತಡೆಯಲಿಲ್ಲ. ರದ್ದತಿಗೆ ನಂಬರ್ ಹಾಕುವಾಗ ಮಾತ್ರ ಅಂಕಿ ಕೊಂಚ ದೊಡ್ಡದಾಗಿ ಬಿತ್ತು.

ಅದನ್ನು ಅಂಚೆಗೆ ಹಾಕದೆ ತಾವೇ ತಂದು ಟೀಚರಮ್ಮನ ಕೈಗೆ ಕೊಟ್ಟರು. ಟೀಚರಮ್ಮ ಓದಿದರು, ಇನ್ನೊಮ್ಮೆ ಓದಿದರು, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಒರೆಸಿದ್ದು ಕನ್ನಡಕವನ್ನು ಮಾತ್ರವಲ್ಲ. ಆಮೇಲೆ ಎದ್ದು ಹಿತ್ತಲಿಗೆ ಹೋದರು.

“ನೋಡು ನಿನ್ನಿಂದ ಎಷ್ಟು ಜನಕ್ಕೆ ತೊಂದ್ರೆ! ಎಷ್ಟು ನೊಣ, 
ಎಷ್ಟು ಕಾಗದ! ನಿನಗೇನು, ಸುಮ್ನೆ ನಿಂತಿದ್ದೀಯ ಕಂಬದ ಹಾಗೆ!” ಎಂದು ಶುರು ಮಾಡಿದರು. ಗುಮಾಸ್ತರ ಎದೆ ಹಗುರವಾಯಿತು.

ದರ್ಜಿ, ಮಾಮ, ಹೆಂಡತಿ ಎಲ್ಲರೂ ಮೆಟ್ಟಿಲ ಹತ್ತಿರ ಸೇರಿದರು. “ಸಾಹೇಬ್ರೇ” ಎಂದ ದರ್ಜಿ.

“ಬೇಡಪ್ಪ. ನಾನು ಗುಮಾಸ್ತ. ಅದೂ ಈಗ ಮೆಮೊ ತಗೊಂಡಿರೋ ಗುಮಾಸ್ತ.”

“ಸರಿ ಬಿಡಿ” ಎಂದ ದರ್ಜಿ. “ನಿಜವಾದ ಸಾಹೇಬ್ರು ಮರ ಕಡೀರಿ ಅಂದ್ರು. ನಮಗೆ ಗುಮಾಸ್ತ್ರೇ ಸಾಕು.”

ಹೆಂಡತಿ ಗಂಡನ ಅಂಗಿಯ ಕಾಲರು ಸರಿಮಾಡಿದರು.

ಟೀಚರಮ್ಮ ಮರದಿಂದ ಒಂದು ಹಣ್ಣು ಕಿತ್ತರು. ಇದ್ದುದರಲ್ಲಿ ದೊಡ್ಡದು, ಹಳದಿ ತಿರುಗಿದ್ದು. ತಟ್ಟೆಯಲ್ಲಿಟ್ಟು ಗುಮಾಸ್ತರ ಮುಂದೆ ಹಿಡಿದರು. “ತಗೊಳ್ಳಿ. ಮೊದಲನೇ ತುತ್ತು ನಿಮ್ದೇ. ಎಲ್ರ ಮುಂದೆ ತಿನ್ನಿ.”

ಗುಮಾಸ್ತರು ದೊಡ್ಡದಾಗಿ ಕಚ್ಚಿದರು. ಬಾಯಿ ಸಿಹಿಯಾಯಿತು. ಕೈಯಲ್ಲಿ ಉಳಿದ ಅರ್ಧದ ಕಡೆ ನೋಡಿದರು. ಅಲ್ಲಿ ಒಂದು ಬಿಳಿ ಹುಳ ಇತ್ತು. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಅರ್ಧ ಹುಳ ಇತ್ತು. ಎದುರಿಗೆ ಟೀಚರಮ್ಮ ಒಂದು ಕೈಯಲ್ಲಿ ಖಾಲಿ ತಟ್ಟೆ, ಇನ್ನೊಂದು ಕೈಯಲ್ಲಿ ಇಲಾಖೆಯ ಆದೇಶ ಹಿಡಿದು ಕಾಯುತ್ತಿದ್ದರು.

“ಹೇಗಿದೆ?”

ಗುಮಾಸ್ತರು ನುಂಗಿದರು.

“ದಾಖಲೆ ಪ್ರಕಾರ ತುಂಬಾ ಚೆನ್ನಾಗಿದೆ, ಟೀಚರಮ್ಮ.”